‘ಆ ಇಂಗ್ಲಿಷೇ ಅರ್ಥ ಆಗಲ್ಲ, ಅದರಲ್ಲಿ ಏನು ಕೇಳ್ತೀಯಾ?’

ನಾನು ಅಮೆರಿಕದ ರ‍್ಯಾಪ್ ಹಾಕಿದಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆ ಇದು. ಔಟ್‌ಕಾಸ್ಟ್ ಜೋಡಿಯ ಮೊದಲ ಆಲ್ಬಂ ಹಾಕಿದರಂತೂ ಕೇಳಿಯೇ ಕೇಳುತ್ತಾರೆ. ‘ಸದರ್ನ್‌ಪ್ಲೇಯಲಿಸ್ಟಿಕ್‌ಕ್ಯಾಡಿಲ್ಯಾಕ್‌ಮ್ಯೂಝಿಕ್’ ಅಂತ ಅದರ ಹೆಸರು. 1994ರ ಏಪ್ರಿಲ್‌ನಲ್ಲಿ ಬಂತು.

ನನ್ನ ಉತ್ತರ ಇಷ್ಟೇ. ಆ ಮಾತಿನ ಧಾಟಿ ಕೇಳೋಕೇ ನಾನು ಅದನ್ನು ಹಾಕೋದು.

ಈ ಜೋಡಿ ಅಂದರೆ ಆಂಡ್ರೆ ಬೆಂಜಮಿನ್ ಮತ್ತು ಬಿಗ್ ಬೋಯ್. ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಪಕ್ಕದ ಈಸ್ಟ್ ಪಾಯಿಂಟ್‌ನಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ಆಲ್ಬಂ ಬಂದಾಗ ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ಆಗ ರ‍್ಯಾಪ್ ಅಂದರೆ ನ್ಯೂಯಾರ್ಕ್, ಇಲ್ಲಾಂದ್ರೆ ಲಾಸ್ ಏಂಜಲೀಸ್. ಹ್ಯೂಸ್ಟನ್, ಮಯಾಮಿಗಳಿಂದ ಆಗಲೇ ದೊಡ್ಡ ಹೆಸರುಗಳು ಬಂದಿದ್ದವು. ಆದರೂ ದಕ್ಷಿಣದವರನ್ನು ಹಳ್ಳಿಗರು ಅಂತ ಪಕ್ಕಕ್ಕೆ ಇಡೋರೇ ಜಾಸ್ತಿ. ಇಂಥ ಹೊತ್ತಲ್ಲಿ ಈ ಹುಡುಗರು ತಮ್ಮ ಉಚ್ಚಾರ ತಿದ್ದಿಕೊಳ್ಳಲಿಲ್ಲ. ಸ್ವರ ಎಳೆಯುತ್ತಾರೆ, ಪದದ ಕೊನೆ ನುಂಗುತ್ತಾರೆ. ನಾಲ್ಕು ಮಾತು ಪಟಪಟ ಅಂತ ಉದುರಿಸಿ, ಸಾಲಿನ ಕೊನೆಗೆ ಬಂದಾಗ ಆರಾಮಾಗಿ ಕೂತುಬಿಡುತ್ತಾರೆ. ಮನೆ ಜಗಲಿಯ ಮೇಲೆ ಮಾತಾಡಿದ ಹಾಗೆ.

ಇದಕ್ಕೆ ತಕ್ಕ ಸಂಗೀತ ಹುಟ್ಟಿದ್ದು ರಿಕೋ ವೇಡ್ ಅವರ ತಾಯಿಯ ಮನೆಯ ನೆಲಮಾಳಿಗೆಯಲ್ಲಿ. ಕೆಂಪು ಮಣ್ಣಿನ ನೆಲ, ಗಾರೆ ಕೂಡ ಹಾಕಿರಲಿಲ್ಲ. ಅದಕ್ಕೆ ‘ಡಂಜನ್’, ಅಂದರೆ ನೆಲದಡಿಯ ಸೆರೆಕೋಣೆ ಅಂತಲೇ ಹೆಸರು. ರಿಕೋ, ರೇ ಮರ‍್ರೆ, ಸ್ಲೀಪಿ ಬ್ರೌನ್ ಸೇರಿದ ಆರ್ಗನೈಜ್ಡ್ ನಾಯ್ಸ್ ತಂಡ ಅಲ್ಲೇ ಕೆಲಸ ಮಾಡುತ್ತಿತ್ತು. ನ್ಯೂಯಾರ್ಕ್‌ನಲ್ಲಿ ಹಳೇ ರೆಕಾರ್ಡಿನ ತುಣುಕು ಕತ್ತರಿಸಿ ಸುತ್ತಿ ಸುತ್ತಿ ನುಡಿಸೋದು ಆಗಿನ ರೂಢಿ. ಇವರು ವಾದಕರನ್ನು ಕರೆಸಿ ತಗ್ಗು ದನಿಯ ಬೇಸ್, ಗಿಟಾರ್, ಕೀಬೋರ್ಡ್ ನುಡಿಸಿದರು. ಬೇಸನ್ನೇ ಹಿಡಿದು ಕೇಳಿ. ಒಂದು ಸ್ವರ ಮುಗಿಯೋಕೆ ಮುಂಚೆ ಇನ್ನೊಂದರ ಕಡೆ ಜಾರುತ್ತಿರುತ್ತದೆ. ಮೊಬೈಲ್ ಸ್ಪೀಕರ್‌ನಲ್ಲಿ ಇದು ಸಿಗಲ್ಲ. ಕಾರಿನಲ್ಲಿ ಹಾಕಬೇಕು. ಆಲ್ಬಂ ಹೆಸರಲ್ಲೇ ಕ್ಯಾಡಿಲ್ಯಾಕ್ ಕಾರು ಇದೆ ಅಲ್ವಾ!

ಮೊದಲ ಹಿಟ್ ‘ಪ್ಲೇಯರ್ಸ್ ಬಾಲ್’ ಮೂಲದಲ್ಲಿ ಕ್ರಿಸ್‌ಮಸ್ ಹಾಡು. 1993ರಲ್ಲಿ ಅವರ ಲಾಫೇಸ್ ರೆಕಾರ್ಡ್ ಕಂಪನಿ ಹಬ್ಬದ ಆಲ್ಬಂಗೆ ಒಂದು ಹಾಡು ಕೇಳಿತ್ತು. ಇವರು ಆ ದಿನ ತಮ್ಮ ಕೇರಿಯ ಹುಡುಗರು ಏನು ಮಾಡುತ್ತಾರೋ ಅದನ್ನೇ ಬರೆದುಕೊಟ್ಟರು. ನನಗೆ ಈ ಧೈರ್ಯ ತುಂಬಾ ಇಷ್ಟ.

ಊರಿನ ಹೆಮ್ಮೆ ಅಂದಮಾತ್ರಕ್ಕೆ ಊರಿನ ಕೊಳಕು ಮುಚ್ಚಿಟ್ಟಿಲ್ಲ. ನಡುವೆ ವಿಮಾನದ ಪೈಲಟ್ ಅಟ್ಲಾಂಟಾ ತೋರಿಸುವ ಪುಟ್ಟ ತುಣುಕು ಬರುತ್ತದೆ. ಜಾರ್ಜಿಯಾ ಡೋಮ್ ಕ್ರೀಡಾಂಗಣದ ಮೇಲೆ ಇನ್ನೂ ಕಾನ್ಫೆಡರೇಟ್ ಬಾವುಟ ಹಾರುತ್ತಿದೆ ಅಂತ ಅವನು ಹೇಳಿಬಿಡುತ್ತಾನೆ. ಗುಲಾಮಗಿರಿ ಉಳಿಸೋಕೆ ಹೋರಾಡಿದವರ ಆ ಗುರುತು ಜಾರ್ಜಿಯಾ ರಾಜ್ಯದ ಬಾವುಟದಲ್ಲಿ 2001ರವರೆಗೂ ದೊಡ್ಡದಾಗಿಯೇ ಇತ್ತು.

1995ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ‘ದಿ ಸೋರ್ಸ್’ ಅನ್ನೋ ರ‍್ಯಾಪ್ ಪತ್ರಿಕೆಯ ಸೋರ್ಸ್ ಅವಾರ್ಡ್ಸ್‌ನಲ್ಲಿ ಇವರಿಗೆ ಹೊಸ ತಂಡದ ಪ್ರಶಸ್ತಿ ಬಂತು. ಸಭೆ ಕೂಗಾಡಿ ಅವಮಾನ ಮಾಡಿತು. ಆಂಡ್ರೆ ಮೈಕ್ ಮುಂದೆ ನಿಂತು, ದಕ್ಷಿಣದವರಿಗೂ ಹೇಳೋಕೆ ಮಾತಿದೆ ಅಂದ. ಆಮೇಲಿನ ವರ್ಷಗಳಲ್ಲಿ ಅಟ್ಲಾಂಟಾವೇ ರ‍್ಯಾಪ್‌ನ ದೊಡ್ಡ ಊರಾಯಿತು.

ಇನ್ನು ಅರ್ಥದ ವಿಷಯ. ‘ಗಿಟ್ ಅಪ್, ಗಿಟ್ ಔಟ್’ ಒಂದನ್ನು ಮಾತ್ರ ಸಾಲುಗಳನ್ನು ಮುಂದಿಟ್ಟುಕೊಂಡು ಕೇಳಿ. ಏಳು ನಿಮಿಷಕ್ಕೂ ಜಾಸ್ತಿ ಇದೆ. ಗುಡೀ ಮಾಬ್ ತಂಡದ ಸೀಲೋ ಮೊದಲು ಬರುತ್ತಾನೆ. ಶಾಲೆ ಮುಗಿಸಲಿಲ್ಲ, ದಿನವಿಡೀ ಸುಮ್ನೆ ಬಿದ್ದಿರ‍್ತೀನಿ, ಮನೆಯವರಿಗೆ ನನ್ನಿಂದ ನಿರಾಸೆಯೇ ಅಂತ ಒರಟು ದನಿಯಲ್ಲಿ ಹೇಳಿಕೊಳ್ಳುತ್ತಾನೆ. ಪಲ್ಲವಿ ಅವನನ್ನು ಸಮಾಧಾನ ಮಾಡುವುದಿಲ್ಲ. ಏಳು, ಹೊರಗೆ ಹೋಗು, ಏನಾದರೂ ಮಾಡು ಅನ್ನುತ್ತದೆ. ಇಷ್ಟು ತಿಳಿದರೆ ಸಾಕು, ಉಳಿದ ಸಾಲುಗಳು ಎರಡನೇ ಸಲಕ್ಕೆ ತಾವಾಗಿಯೇ ಕಿವಿಗೆ ಸಿಗುತ್ತವೆ.