ಬೀದರ್ ಮನೆ: ಸಿಮೆಂಟು ಕಿತ್ತು ಗಾರೆಗೆ ಬಂದೆವು

ಪಡಸಾಲೆಯ ಗೋಡೆಗಳು ಮುಗಿದವು. ಮಲಗುವ ಕೋಣೆ, ಅಡುಗೆಮನೆ ಬಾಕಿ. ಮಿರಗದ ಮಳೆ (ಮೃಗಶಿರಾ) ಕೂಡುವುದರೊಳಗೆ ಹೊರಗೋಡೆಯೂ ಆಗಬೇಕು, ಇಲ್ಲದಿದ್ದರೆ ಇನ್ನೊಂದು ಮಳೆಗಾಲ ಕಲಬುರಗಿಯಲ್ಲೇ.

ಹೊಸಬರಿಗೆ ಹಿಂದಿನ ಕಥೆ: ಶಾಲೆಯಿಂದ ನಿವೃತ್ತಳಾದ ಮೇಲೆ ಕಲಬುರಗಿಯ ಬಿಸಿಲು ಸಾಕೆನಿಸಿ, ಬೀದರಿನ ಹಳೇ ಊರಿನಲ್ಲಿ ಒಂದು ಮನೆ ಹಿಡಿದೆವು. "ಗುಡ್ಡದ ಊರು ಅಂದ್ರ ಮಡಿಕೇರಿಗೆ ಹೊಂಟೀರಿ ಅಂತ ತಿಳಿದಿದ್ದೆ" ಎಂದು ತಂಗಿ ನಕ್ಕಳು. ನಗಲಿ. ಬೀದರ್ ಕಲಬುರಗಿಗಿಂತ 200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬೇಸಿಗೆಯಲ್ಲೂ ರಾತ್ರಿ ಮಾಳಿಗೆ ಮೇಲೆ ಮಲಗಿದರೆ ನಿದ್ದೆ ಹತ್ತುತ್ತದೆ. 2017ರಿಂದ ನೇರ ರೈಲಿದೆ, ಮೊಮ್ಮಕ್ಕಳು ಬಂದುಹೋಗಬಹುದು. ಕಲಬುರಗಿ ಬಿಟ್ಟು ಬೀದರಿಗೆ ಹೋದವರಲ್ಲಿ ನಾವೇನು ಮೊದಲಿಗರೂ ಅಲ್ಲ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನೇ ಎತ್ತಿಕೊಂಡು ಹೋದ. ನಮ್ಮದು ಒಂದು ಲಾರಿ ಸಾಮಾನು.

ಮನೆ ಕಟ್ಟಿರುವುದು ಜಂಬಿಟ್ಟಿಗೆಯಲ್ಲಿ. ಬೀದರಿನ ನೆಲದ ಕೆಳಗೆಲ್ಲ ಇದೇ ಕೆಂಪುಕಲ್ಲು. ಅಗೆದು ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿ ಬಡಿದಂತೆಲ್ಲ ಗಟ್ಟಿಯಾಗುತ್ತದೆ. ಮೈತುಂಬ ತೂತು, ನೀರು ಹೀರುತ್ತದೆ, ಒಣಗುತ್ತದೆ. ಹಿಂದಿನವರು ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದು, ಮೇಲೆ ಆಯಿಲ್ ಪೇಂಟ್ ಹೊಡೆಸಿದ್ದರು. ಗೌಂಡಿ ಉಳಿಯಿಟ್ಟು ಒಂದೇಟು ಹಾಕಿದ. ತಟ್ಟೆಯಷ್ಟಗಲದ ಹಪ್ಪಳ ಉದುರಿತು. ಅದರ ಬೆನ್ನಿಗೆ ಬಿಳಿ ಉಪ್ಪು, ಒಳಗಿನ ಕಲ್ಲು ಒದ್ದೆ, ಬೆರಳಿಟ್ಟು ತಿಕ್ಕಿದರೆ ಕೆಂಪು ಪುಡಿ. ಅದೂ ಸುಡುಬೇಸಿಗೆಯಲ್ಲಿ!

"ಅಕ್ಕೋರ, ಒಳಗ ಸೇರಿದ ನೀರಿಗೆ ಹೊರಗ ಹೋಗ್ಲಿಕ್ಕ ದಾರಿನೇ ಇಲ್ಲ ನೋಡ್ರಿ" ಎಂದ.

ಹಾಗಾಗಿ ಸಿಮೆಂಟು ಪೂರ್ತಿ ಕೀಳಿಸಿ, ಗೋಡೆ ಆರಲು ಬಿಟ್ಟು, ಒಳಗಿನ ತೇವ ಹೊರಬಿಡುವ ಸುಣ್ಣದ ಗಾರೆಗೆ ಬಂದೆವು. ಅರಳಿಸಿದ ಸುಣ್ಣ ನೀರಿನಲ್ಲೇ ದಿನಗಟ್ಟಲೆ ಕೊಳೆಯಬೇಕು. ಅದಕ್ಕೆ ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು. ಇರುವೆಗಳ ಮೆರವಣಿಗೆ ಶುರುವಾದದ್ದೂ ಆಗಲೇ. ಬಿಸಿಲಿಗೆ ಗಾರೆ ಬೇಗ ಆರಿದರೆ ಬಿರುಕು ಬಿಡುತ್ತದೆ, ಆದ್ದರಿಂದ ಕೆಲಸವೆಲ್ಲ ಬೆಳಿಗ್ಗೆ ಮತ್ತು ಇಳಿಹೊತ್ತಿಗೆ. ನಡುವೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ನೀರು ಚಿಮುಕಿಸುವುದು ನಮ್ಮನಿಯವರ ಪಾಲಿನ ನೌಕರಿ. ಖರ್ಚು ಸಿಮೆಂಟಿಗಿಂತ ಜಾಸ್ತಿ, ಸುಳ್ಳೇಕೆ ಹೇಳಲಿ. ಆದರೂ ಮತ್ತೆ ಸಿಮೆಂಟು ಹಚ್ಚಿಸುವುದು ದುಡ್ಡನ್ನು ಗೋಡೆಗೆ ಬಳಿದಂತೆ ಎಂದೇ ನನ್ನ ಲೆಕ್ಕ.

ನೆಲಕ್ಕೆ ಶಹಾಬಾದ್ ಫರಸಿ ಕಲಬುರಗಿ ಕಡೆಯಿಂದಲೇ ಬರುತ್ತದೆ. ಅದರಲ್ಲಿ ಚರ್ಚೆಯಿಲ್ಲ.

ಚರ್ಚೆ ಇರುವುದು ಹಿತ್ತಲ ಬಾವಿಯದು. ನಮ್ಮನಿಯವರಿಗೆ ಬೋರ್ ಬೇಕು. ನಾನು ಅವರನ್ನು ಇಲ್ಲೇ ಬೀದರ್ ಹತ್ತಿರದ ನೌಬಾದಿನ ಸುರಂಗ ಬಾವಿಗೆ ಕರೆದೊಯ್ದು ತೋರಿಸಿದೆ. ಕೆಂಪುಕಲ್ಲಿನೊಳಗೆ ಇಳಿದ ಮಳೆನೀರು ಕೆಳಗಿನ ಕರಿಕಲ್ಲಿಗೆ ತಡೆದು ನಿಲ್ಲುತ್ತದೆ. ಬಹಮನಿ ಕಾಲದವರು ಅದನ್ನು ಸುರಂಗ ತೋಡಿ ಹರಿಸಿದ್ದರು. ನಮ್ಮ ಬಾವಿಯ ಹೂಳು ತೆಗೆಸಿ, ಮಾಳಿಗೆ ನೀರು ಅದಕ್ಕೇ ಬಿಟ್ಟು ಒಂದು ಮಳೆಗಾಲ ನೋಡೋಣ ಎಂದೆ. ಒಪ್ಪಿದ್ದಾರೆ, ಆದರೆ ಬೋರಿನವನ ನಂಬರ್ ಅವರ ಜೇಬಿನಲ್ಲೇ ಇದೆ. ಹೂಳು ತೆಗೆಯುವವರು ಸೋಮವಾರ ಬರುತ್ತಾರೆ.