ಹತ್ತು ದಿನ, ನಲವತ್ತೆಂಟು ಆವರ್ತ: ಒಂದು ವಾಲ್ಟ್ಸ್‌ನ ದಿನಚರಿ

ಗುರುವಾರ

ಒಂಬತ್ತನೇ ತರಗತಿಯ ವಿಜ್ಞಾನದ ಉತ್ತರಪತ್ರಿಕೆ ತಿದ್ದುತ್ತಾ ಕುಳಿತಿದ್ದಾಗ ನನಗೆ ನೃತ್ಯ ಕಲಿಸುವ ಮಿಸ್ ಫೋನ್ ಮಾಡಿದರು. ಈ ಶನಿವಾರ ಬಿಟ್ಟು ಮುಂದಿನ ಶನಿವಾರ ಸಂಜೆ ಬಿಡುವಿದೆಯೇ ಎಂದು ಕೇಳಿದರು. ಇದೆ ಎಂದೆ. "ಹಾಗಾದರೆ ನೀವಿಬ್ಬರೂ ಒಂದು ವಾಲ್ಟ್ಸ್ ಮಾಡಬೇಕು. ಆಗುವುದಿಲ್ಲ ಎನ್ನಬೇಡ, ನನಗೆ ಬೇರೆ ಯಾರೂ ಇಲ್ಲ" ಎಂದರು. ವಾಲ್ಟ್ಸ್ ಎಂದರೆ ಮೂರು ಎಣಿಕೆಯ ತಾಳಕ್ಕೆ ಜೋಡಿಯಾಗಿ ಮಾಡುವ ಪಾಶ್ಚಾತ್ಯ ನೃತ್ಯ; ಇಬ್ಬರೂ ಎಂದರೆ ನಾನು ಮತ್ತು ನನ್ನ ನೃತ್ಯದ ಜೊತೆಗಾರ.

ವಿಷಯ ಇಷ್ಟು. ಮಿಸ್ ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ, ಆಂಗ್ಲೋ ಇಂಡಿಯನ್ ಕುಟುಂಬದಲ್ಲಿ. ಅವರ ಬಾಲ್ಯದ ಗೆಳತಿಯ ಮದುವೆಗೆ ಈ ತಿಂಗಳು ಐವತ್ತು ವರ್ಷ ತುಂಬುತ್ತದೆ. ಗೆಳತಿಯ ಯಜಮಾನರು ಚಿನ್ನದ ಗಣಿಯ ವಿದ್ಯುತ್ ವಿಭಾಗದಲ್ಲಿದ್ದವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಮಕ್ಕಳಿದ್ದ ಬೆಂಗಳೂರಿಗೆ ಬಂದು ನೆಲೆಸಿದರು. ಕೆಜಿಎಫ್‌ನಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನೃತ್ಯಕೂಟಗಳಲ್ಲಿ ಈ ದಂಪತಿಯ ವಾಲ್ಟ್ಸ್ ನೋಡಲು ಜನ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರಂತೆ. ಈಗ ಆ ತಾಯಿಗೆ ಎರಡೂ ಮಂಡಿ ಬದಲಾಯಿಸಿದ್ದಾರೆ. ಅವರ ಬದಲು ಮಿಸ್ ಮತ್ತು ಮಿಸ್‌ನ ಸೋದರಸಂಬಂಧಿ ಕುಣಿಯುವುದೆಂದು ನಿಶ್ಚಯವಾಗಿತ್ತು. ಆ ಸಂಬಂಧಿ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡು ಮಲಗಿದ್ದಾರೆ.

ನಾನು ಬಾಲ್‌ರೂಂ ನೃತ್ಯ, ಅಂದರೆ ವಾಲ್ಟ್ಸ್‌ನಂಥ ಜೋಡಿ ನೃತ್ಯ, ಕಲಿಯಲು ಶುರು ಮಾಡಿ ಎರಡು ವರ್ಷ ನಾಲ್ಕು ತಿಂಗಳಾಯಿತು. ಬೆಂಗಳೂರಿನ ಕಾಕ್ಸ್ ಟೌನ್‌ನ ಒಂದು ಹಾಲ್‌ನಲ್ಲಿ ವಾರಕ್ಕೆ ಎರಡು ಸಂಜೆ. ಜೊತೆಗಾರ ಲೆಕ್ಕಪತ್ರದ ಕೆಲಸದವನು, ಧಾರವಾಡದ ಕಡೆಯ ಹುಡುಗ, ನನಗಿಂತ ಒಂಬತ್ತು ವರ್ಷ ಚಿಕ್ಕವನು, ಅಕ್ಕ ಎಂದೇ ಕರೆಯುತ್ತಾನೆ. ತರಗತಿಯ ಹನ್ನೆರಡು ಮಂದಿಯನ್ನು ಬಿಟ್ಟರೆ ಬೇರೆಯವರ ಮುಂದೆ ನಾವು ಒಂದು ಹೆಜ್ಜೆಯನ್ನೂ ಹಾಕಿಲ್ಲ. ಫೋನ್ ಇಟ್ಟ ಮೇಲೆ ಎರಡು ಉತ್ತರಪತ್ರಿಕೆಗಳ ಅಂಕ ತಪ್ಪಾಗಿ ಕೂಡಿಸಿದೆ.

ಶುಕ್ರವಾರ

ಇವತ್ತು ಹೆಜ್ಜೆಗಳ ಕ್ರಮ ಕಟ್ಟಿದೆವು. ಹೊಸದು ಏನೂ ಬೇಡ ಎಂಬುದು ಮಿಸ್‌ನ ಮೊದಲ ಮಾತು. ಜೊತೆಗಾರನಿಗೆ ಡಬಲ್ ರಿವರ್ಸ್ ಸ್ಪಿನ್ ಸೇರಿಸುವ ಆಸೆ. ಹೋದ ತಿಂಗಳಷ್ಟೇ ಕೈಹತ್ತಿದ ತಿರುವು ಅದು. "ಹತ್ತು ಸಲ ಮಾಡಿದರೆ ಎಷ್ಟು ಸಲ ಸರಿಯಾಗುತ್ತದೆ?" ಎಂದು ಕೇಳಿದರು. ಅವನು ಪ್ರಾಮಾಣಿಕವಾಗಿ ಆರು ಎಂದ. ಅದನ್ನು ಬಿಟ್ಟೆವು.

ಉಳಿದದ್ದು ನ್ಯಾಚುರಲ್ ಟರ್ನ್ (ಬಲಕ್ಕೆ ತಿರುವು), ರಿವರ್ಸ್ ಟರ್ನ್ (ಎಡಕ್ಕೆ ತಿರುವು), ಸ್ಪಿನ್ ಟರ್ನ್ (ಬಲಕ್ಕೇ ಇನ್ನಷ್ಟು ಸುತ್ತುವ ಆರು ಹೆಜ್ಜೆ), ವಿಸ್ಕ್ (ಒಂದು ಪಾದ ಇನ್ನೊಂದರ ಹಿಂದೆ ದಾಟುವುದು), ಅದರ ಬೆನ್ನಿಗೆ ಶಾಸೆ (ಪಕ್ಕಕ್ಕೆ ಸರಿದು ಪಾದ ಕೂಡಿಸುವುದು), ಮೂಲೆಯಲ್ಲಿ ಉಸಿರು ತೆಗೆದುಕೊಳ್ಳಲು ಒಂದು ಹೆಸಿಟೇಶನ್. ಎಲ್ಲ ಸೇರಿ ನಲವತ್ತೆಂಟು ಆವರ್ತ; ಒಂದು, ಎರಡು, ಮೂರು ಎಂದು ಒಂದು ಸಲ ಎಣಿಸಿದರೆ ಒಂದು ಆವರ್ತ. ಇಂಗ್ಲಿಷ್ ಶೈಲಿಯ ನಿಧಾನ ವಾಲ್ಟ್ಸ್ ನಿಮಿಷಕ್ಕೆ 28ರಿಂದ 30 ಆವರ್ತಗಳಲ್ಲಿ ನಡೆಯುತ್ತದೆ. ವಿಯೆನ್ನಾದ ವಾಲ್ಟ್ಸ್ ಹೆಚ್ಚುಕಡಿಮೆ ಇದರ ಎರಡರಷ್ಟು ವೇಗ, 58ರಿಂದ 60. ನಾವು 29ರಲ್ಲಿ ಅಭ್ಯಾಸ ಮಾಡಿದೆವು. ಒಟ್ಟು ಒಂದು ನಿಮಿಷ ನಲವತ್ತು ಸೆಕೆಂಡ್. ಹೇಳಿದರೆ ಎಷ್ಟು ಕಡಿಮೆ ಎನಿಸುತ್ತದೆ!

ಭಾನುವಾರ

ನಿನ್ನೆ ಮತ್ತು ಇವತ್ತು, ಎರಡು ದಿನವೂ ಒಂದೇ ಹೆಜ್ಜೆಗೆ ಹೋಯಿತು: ಸ್ಪಿನ್ ಟರ್ನ್‌ನ ನಾಲ್ಕನೆಯದು.

ವಾಲ್ಟ್ಸ್‌ನ ಜೀವ ಅದರ ಏರಿಳಿತದಲ್ಲಿದೆ. ಒಂದರಲ್ಲಿ ಮಂಡಿ ಸಡಿಲಿಸಿ ಸಾಗುವುದು, ಎರಡು ಮೂರರಲ್ಲಿ ಮೇಲೇರುವುದು, ಮೂರರ ಕೊನೆಯಲ್ಲಿ ಇಳಿಯುವುದು. ಸ್ಪಿನ್ ಟರ್ನ್‌ನ ಎರಡನೆಯ ಅರ್ಧ ಮಾತ್ರ ಬೇರೆ. ನಾಲ್ಕನೆಯ ಹೆಜ್ಜೆಯಲ್ಲಿ ನಾನು ಬಲಗಾಲನ್ನು ಜೊತೆಗಾರನ ಎರಡು ಪಾದಗಳ ನಡುವೆ ಇಟ್ಟು, ಕೆಳಗಿದ್ದುಕೊಂಡೇ ಅರ್ಧ ಸುತ್ತು ತಿರುಗಬೇಕು. ಏಳುವುದು ಐದರ ಕೊನೆಯಲ್ಲಿ. ನಾನು ನಾಲ್ಕರಲ್ಲೇ ಎದ್ದುಬಿಡುತ್ತೇನೆ. ನಾನು ಎದ್ದ ಕೂಡಲೇ ಅವನ ತಿರುವಿಗೆ ತಡೆ ಬಿದ್ದು, ಇಬ್ಬರೂ ಗೂಟಕ್ಕೆ ಕಟ್ಟಿದ ಹಾಗೆ ನಿಂತುಬಿಡುತ್ತೇವೆ.

ಮಿಸ್ ತಮ್ಮ ಅಂಗೈಯನ್ನು ನನ್ನ ನೆತ್ತಿಯ ಮೇಲೆ ಒಂದು ಅಂಗುಲ ಎತ್ತರದಲ್ಲಿ ಹಿಡಿದು, ಕೈ ತಗಲದ ಹಾಗೆ ತಿರುಗು ಎಂದರು. ಹತ್ತರಲ್ಲಿ ಒಂಬತ್ತು ಸಲ ತಗಲಿತು.

ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಚಿಕ್ಕಂದಿನಲ್ಲಿ ತುಮಕೂರಿನಲ್ಲಿ ಆರು ವರ್ಷ ಭರತನಾಟ್ಯ ಕಲಿತಿದ್ದೆ. ಎಸ್ಸೆಸ್ಸೆಲ್ಸಿ ಬಂತೆಂದು ಬಿಡಿಸಿದರು. ವಾಲ್ಟ್ಸ್‌ಗೆ ಬಂದ ಹೊಸದರಲ್ಲಿ ನನ್ನ ದೊಡ್ಡ ತೊಂದರೆಯೇ ಆ ಅರಮಂಡಿ, ಮಂಡಿ ಹೊರಕ್ಕೆ ಮಡಿಸಿ ಅರ್ಧ ಕುಳಿತ ಭಂಗಿ. ಮೇಲೇಳು ಎಂದರೆ ದೇಹ ಕುಳಿತುಕೊಳ್ಳುತ್ತಿತ್ತು, ನೆಲ ಸವರು ಎಂದರೆ ಪಾದ ತಟ್ಟುತ್ತಿತ್ತು. ಎರಡು ವರ್ಷ ಅದನ್ನು ಮರೆಯಲು ದುಡಿದಿದ್ದೇನೆ. ಇವತ್ತು ಸುಸ್ತಾಗಿ ಗೋಡೆಗೆ ಒರಗಿದ್ದಾಗ, ನಾಲ್ಕನೆಯ ಹೆಜ್ಜೆಗೆ ಬೇಕಾದದ್ದು ಅದೇ ಅಲ್ಲವೇ ಎನಿಸಿತು. ಮಂಡಿ ಹೊರಕ್ಕೆ ತೆರೆಯದೆ, ಬೆನ್ನು ನೆಟ್ಟಗೆ, ತೊಡೆಯಲ್ಲಿ ಭಾರ ಹಿಡಿದು ಕೆಳಗಿರುವುದು. ಅರಮಂಡಿಯಲ್ಲಿ ಎದ್ದೇಳದೆ ಸುತ್ತುವುದನ್ನು ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಕಲಿತಿದ್ದೆ. ಆ ನೆನಪನ್ನು ತೊಡೆಗೆ ಒಪ್ಪಿಸಿ ತಿರುಗಿದೆ. ಮಿಸ್‌ನ ಅಂಗೈ ತಗಲಲಿಲ್ಲ. ಮತ್ತೆ ತಿರುಗಿದೆ. ಐದು ಸಲದಲ್ಲಿ ನಾಲ್ಕು ಸಲ ಸರಿಯಾಯಿತು. ಕಣ್ಣಲ್ಲಿ ನೀರು ಬಂತು, ಏಕೆಂದು ಹೇಳುವುದು ಕಷ್ಟ.

ಸೋಮವಾರ

ತರಗತಿ ಇಲ್ಲ. ಮನೆಯಲ್ಲಿ ಅಡುಗೆಮನೆಯಿಂದ ಬೀದಿ ಬಾಗಿಲಿನವರೆಗೆ ಹದಿನೇಳು ಅಡಿ ಉದ್ದದ ನಡುಮನೆ ಇದೆ. ಅಲ್ಲಿ ಹಿಂದಕ್ಕೆ ನಡೆಯುವುದನ್ನು ಅಭ್ಯಾಸ ಮಾಡಿದೆ. ಹೆಂಗಸಿನ ಹೆಜ್ಜೆಗಳಲ್ಲಿ ಅರ್ಧಕ್ಕರ್ಧ ಹಿಂದಕ್ಕೇ. ಬೆರಳ ತುದಿ ಹಿಂದೆ ಚಾಚಬೇಕು, ಭಾರ ಆ ಹಿಂದಿನ ಪಾದದ ಮುಂಭಾಗಕ್ಕೆ ದಾಟಬೇಕು, ಆಮೇಲೆ ಮುಂದಿನ ಪಾದದ ಬೆರಳು ಮೇಲೆದ್ದು ಅದರ ಹಿಮ್ಮಡಿ ನೆಲ ಸವರುತ್ತಾ ಹಿಂಬಾಲಿಸಬೇಕು. ಅವಸರಪಟ್ಟು ಹಿಂದಿನ ಹಿಮ್ಮಡಿಯನ್ನು ಊರಿದರೆ ಜೊತೆಗಾರನನ್ನು ಎಳೆದು ಬೀಳಿಸಿದ ಹಾಗೆ.

ಅತ್ತೆ ಹಿತಕಿದ ಅವರೆಯ ಸಾರಿಗೆಂದು ನೆನೆಸಿದ ಕಾಳು ಹಿತುಕುತ್ತಾ ಕುಳಿತಿದ್ದರು. ಅವರು ವೀಣೆ ಕಲಿತವರು. ಸ್ವಲ್ಪ ಹೊತ್ತು ನೋಡಿ, "ನೀನು ಒಂದು, ಎರಡು, ಮೂರು ಎಂದು ಎಣಿಸುವುದು ಒಣಗಿದ ಹಾಗಿದೆ. ತಿಶ್ರ ತಾನೇ?" ಎಂದು ಕೇಳಿ, ತಕಿಟ ತಕಿಟ ಎಂದು ಹೇಳಿಕೊಡತೊಡಗಿದರು. ಪ್ರತಿ 'ತ'ಕ್ಕೆ ಒಂದು ಕಾಳು ಸಿಪ್ಪೆ ಬಿಟ್ಟು ಪಾತ್ರೆಗೆ ಹಾರುತ್ತಿತ್ತು. ಅವರ 'ಟ' ಕೊನೆಯಲ್ಲಿ ಕೊಂಚ ತೂಗಿ ನಿಲ್ಲುತ್ತಿತ್ತು. ಮಿಸ್ ಮೂರನೆಯ ಎಣಿಕೆಯನ್ನು ಕಡಿದುಬಿಡಬೇಡ ಎಂದು ಎರಡು ವರ್ಷದಿಂದ ಹೇಳುತ್ತಿರುವುದು ಇದನ್ನೇ.

ಸಂಕ್ರಾಂತಿ

ಬೆಳಿಗ್ಗೆ ಎಳ್ಳು ಬೀರಿ ಮುಗಿಸಿ, ಮಿಸ್‌ಗೂ ಒಂದು ಪೊಟ್ಟಣ ಎಳ್ಳುಬೆಲ್ಲ ಕಟ್ಟಿಕೊಂಡು ಮೂರೂವರೆಗೆ ಸಮಾರಂಭದ ಹಾಲ್ ನೋಡಲು ಹೋದೆವು. ನೋಡಿದ್ದು ಒಳ್ಳೆಯದಾಯಿತು. ನೆಲ ಮರದ್ದಲ್ಲ, ಹೊಳಪು ಕೊಟ್ಟ ಗ್ರಾನೈಟ್. ಮೇಜು ಕುರ್ಚಿ ಹಾಕಿದ ಮೇಲೆ ನಮಗೆ ಉಳಿಯುವುದು ಇಪ್ಪತ್ತಾರು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಬಾಲ್‌ರೂಂನಲ್ಲಿ ಜೋಡಿಗಳು ಸಭಾಂಗಣವನ್ನು ಅಪ್ರದಕ್ಷಿಣೆಯಾಗಿ ಸುತ್ತುವುದು ನಿಯಮ. ನಮ್ಮ ಕ್ರಮ ಈ ಜಾಗದ ಎರಡರಷ್ಟು ಉದ್ದದ ಬದಿಗೆ ಕಟ್ಟಿದ್ದು. "ಹೆಜ್ಜೆಯ ಉದ್ದ ಕುಗ್ಗಿಸಿ, ತಿರುವು ಹೆಚ್ಚಿಸಿ, ಏರಿಳಿತ ಮಾತ್ರ ಕುಗ್ಗಿಸಬೇಡಿ" ಎಂದರು ಮಿಸ್. ಅಲ್ಲೇ ಮೂರು ಸಲ ನಡೆದು, ಉದ್ದದ ಬದಿಯಲ್ಲಿ ಒಂದೊಂದು ತಿರುವು ತೆಗೆದು ಮೂಲೆಗೆ ಹಾಕಿದೆವು.

ಇನ್ನು ಜಾರುವ ನೆಲ. ಬಾಲ್‌ರೂಂ ಶೂಗಳ ತಳ ಸ್ಯೂಡ್ ಚರ್ಮದ್ದು. ಮರದ ಮೇಲೆ ಅದು ಜಾರಬೇಕಾದಷ್ಟೇ ಜಾರುತ್ತದೆ. ಗ್ರಾನೈಟ್ ಮೇಲೆ ನನ್ನ ಎಡಗಾಲು ಎರಡು ಸಲ ತಪ್ಪಿತು. ತಳವನ್ನು ತಂತಿ ಬ್ರಷ್‌ನಿಂದ ಉಜ್ಜಿ ಜುಂಗು ಎಬ್ಬಿಸಿದೆ, ಸಾಲಲಿಲ್ಲ. ಮಿಸ್ ಹಳಬರ ಉಪಾಯ ಹೇಳಿದರು: ಹರಳೆಣ್ಣೆ. ಬಟ್ಟೆಗೆ ಒಂದೆರಡು ತೊಟ್ಟು ಹಾಕಿ ಅದರ ಮೇಲೆ ತಳ ಒತ್ತುವುದು, ಅಷ್ಟೇ. ಬೇರೆ ಊರಿನವರಿಗೆ ಅಂಗಡಿ ಹುಡುಕುವ ಕೆಲಸ, ನಮ್ಮ ಮನೆಯಲ್ಲಿ ಅತ್ತೆಯ ಕಪಾಟಿನಲ್ಲಿ ಶೀಶೆ ಯಾವಾಗಲೂ ಇರುತ್ತದೆ.

ಹೊರಡುವಾಗ ಇನ್ನೊಂದು ಸಮಾಚಾರ ಗೊತ್ತಾಯಿತು. ಹಾಡು ಧ್ವನಿಮುದ್ರಿತವಲ್ಲ. ಬ್ಯಾಂಡ್‌ನವರು ಎದುರಿಗೇ ನುಡಿಸುತ್ತಾರೆ.

ಗುರುವಾರ

ಬಟ್ಟೆಯ ಕೆಲಸ. ನೀಲಿ ಕ್ರೇಪ್ ಸೀರೆಯೊಂದನ್ನು ಗೌನ್ ಮಾಡಿಸಿದ್ದೆ. ಹಿಂದಕ್ಕೆ ಹೆಜ್ಜೆ ಇಡುವಾಗ ಹಿಮ್ಮಡಿ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಅತ್ತೆ ನನ್ನನ್ನು ಶೂ ಹಾಕಿಸಿ ನಿಲ್ಲಿಸಿ, ಸುತ್ತಲೂ ಎರಡು ಬೆರಳು ಮೇಲೆತ್ತಿ ಗುಂಡುಸೂಜಿ ಚುಚ್ಚಿ, ಕೈಯಲ್ಲೇ ಹೊಲಿದುಕೊಟ್ಟರು. ಹಿಂಭಾಗದಲ್ಲಿ ಇನ್ನೂ ಅರ್ಧ ಬೆರಳು ಹೆಚ್ಚು.

ಶುಕ್ರವಾರ

ಕೊನೆಯ ಅಭ್ಯಾಸ. ನಾವು ಕ್ರಮವನ್ನು ಹತ್ತು ಸಲ ಓಡಿಸುತ್ತೇವೆ ಎಂದುಕೊಂಡಿದ್ದೆವು. ಮಿಸ್ ಒಂದೇ ಸಲ ಬಿಟ್ಟರು. ಆಮೇಲೆ ಸಂಗೀತ ನಿಲ್ಲಿಸಿ, ನನ್ನನ್ನು ಕಣ್ಣು ಮುಚ್ಚಿಸಿ, ಅವನ ಕಿವಿಯಲ್ಲಿ ಮಾತ್ರ ಹೇಳತೊಡಗಿದರು: ರಿವರ್ಸ್, ವಿಸ್ಕ್, ಹೆಸಿಟೇಶನ್, ಮತ್ತೆ ರಿವರ್ಸ್. ನಾವು ಕಟ್ಟಿದ ಕ್ರಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೊದಮೊದಲು ನಾನು ಮುಂದಿನದನ್ನು ಊಹಿಸಿ ಓಡುತ್ತಿದ್ದೆ, ಎರಡು ಸಲ ಅವನ ಕಾಲು ತುಳಿದೆ. ಕಾಲು ಗಂಟೆ ಕಳೆಯುವಷ್ಟರಲ್ಲಿ ಊಹೆ ನಿಂತಿತು. ಅವನ ಬಲ ಪಕ್ಕೆಲುಬಿನ ಕೆಳಗೆ ಒಂದು ಚಿಕ್ಕ ಸಿದ್ಧತೆ ಮೊದಲು ಆಗುತ್ತದೆ, ಕಾಲು ಹೊರಡುವುದು ಆಮೇಲೆ. ಎರಡು ವರ್ಷ ಅದೇ ತೋಳುಗಳ ನಡುವೆ ಕುಣಿದಿದ್ದರೂ ನಾನು ಅದನ್ನು ಗಮನಿಸಿದ್ದು ನಿನ್ನೆಯವರೆಗೂ ಇಲ್ಲ. ನಾನು ಕೇಳುತ್ತಿದ್ದದ್ದು ನನ್ನ ತಲೆಯೊಳಗಿನ ಪಟ್ಟಿಯನ್ನು.

ಶನಿವಾರ, ರಾತ್ರಿ ಹನ್ನೊಂದೂವರೆ

ನಿದ್ದೆ ಬರುವುದಿಲ್ಲ, ಬರೆದುಬಿಡುತ್ತೇನೆ.

ಏಳೂ ಕಾಲಿಗೆ ನಮ್ಮನ್ನು ಕರೆದರು. ಎಂಬತ್ತು ಜನರಿರಬಹುದು, ಅರ್ಧದಷ್ಟು ಕೆಜಿಎಫ್‌ನವರೇ. ನನ್ನ ಮನೆಯವರು ಮತ್ತು ಅತ್ತೆ ಹಿಂದಿನ ಸಾಲಿನಲ್ಲಿ. ಅಂಗೈ ತಣ್ಣಗಾಗಿತ್ತು, ಜೊತೆಗಾರನದು ಅದಕ್ಕಿಂತ ತಣ್ಣಗೆ. ನಾವು ಕೈಹಿಡಿದು ನಿಂತೆವು, ಬ್ಯಾಂಡ್ ಶುರುವಾಯಿತು, ಮೊದಲ ನಾಲ್ಕು ಆವರ್ತಗಳಲ್ಲೇ ನನಗೆ ತಿಳಿಯಿತು: ಇದು ನಮ್ಮ ವೇಗವಲ್ಲ, ಬಹಳ ಚುರುಕು.

ಮೊದಲ ನ್ಯಾಚುರಲ್ ಟರ್ನ್ ಅವಸರದ್ದು. ನಾನು ತಾಳದ ಹಿಂದೆ ಬಿದ್ದೆ, ಮೂರರ ಕೊನೆಯಲ್ಲಿ ಇಳಿಯಲು ಸಮಯವೇ ಸಾಲಲಿಲ್ಲ. ಎರಡನೆಯದರಲ್ಲಿ ಜೊತೆಗಾರ ಹೆಜ್ಜೆ ಇನ್ನೂ ಗಿಡ್ಡ ಮಾಡಿದ. ಆಗ ಜಾಗ ಸಿಕ್ಕಿತು, ಏರಿಳಿತ ಮರಳಿತು. ತಲೆಯೊಳಗೆ ಅತ್ತೆಯ ತಕಿಟ ನಡೆಯುತ್ತಿತ್ತು, ಕಾಳು ಪಾತ್ರೆಗೆ ಬೀಳುವ ಸದ್ದಿನ ಸಮೇತ. ಮೊದಲ ಸ್ಪಿನ್ ಟರ್ನ್: ತೊಡೆ ಹಿಡಿಯಿತು, ತಿರುಗಿದೆವು, ನಿಲ್ಲಲಿಲ್ಲ. ಎರಡನೆಯದೂ ಹಾಗೇ.

ಇಪ್ಪತ್ತನೆಯ ಆವರ್ತದ ಸುಮಾರಿಗೆ, ನಾವು ವಿಸ್ಕ್ ಹಾಕಬೇಕಾದ ಮೂಲೆಗೆ ಒಬ್ಬ ಹಿರಿಯರು ಚೆನ್ನಾಗಿ ನೋಡಬೇಕೆಂದು ಕುರ್ಚಿ ಎಳೆದುಕೊಂಡು ಬಂದು ಕುಳಿತಿದ್ದರು. ನನ್ನ ಬೆನ್ನು ಆ ಕಡೆ, ನನಗೆ ಕಾಣದು. ವಿಸ್ಕ್‌ಗೆ ಬಲಗಾಲು ಹಿಂದೆ ಹೋಗಲು ಸಿದ್ಧವಾಗಿತ್ತು. ಅವನ ಪಕ್ಕೆ ಬೇರೆ ಮಾತು ಹೇಳಿತು. ರಿವರ್ಸ್ ಟರ್ನ್. ಯೋಚಿಸುವ ಮೊದಲೇ ನಾನು ಅದರಲ್ಲಿದ್ದೆ. ಕ್ರಮ ಅಲ್ಲಿಗೆ ಮುರಿಯಿತು, ಉಳಿದ ಇಪ್ಪತ್ತೆಂಟು ಆವರ್ತಗಳಲ್ಲಿ ಮುಂದೇನು ಎಂದು ನನಗೆ ಒಂದು ಸಲವೂ ಗೊತ್ತಿರಲಿಲ್ಲ. ಈ ಎರಡು ವರ್ಷಗಳಲ್ಲಿ ನಾನು ಅಷ್ಟು ನಿರಾಳವಾಗಿ ಕುಣಿದ ನೆನಪಿಲ್ಲ. ಮೂರನೆಯ ಸ್ಪಿನ್‌ನಲ್ಲಿ ಮಾತ್ರ ಹಳೆಯ ಚಾಳಿ, ನಾಲ್ಕರಲ್ಲೇ ಎದ್ದೆ. ಅವನು ಒಂದು ಎಣಿಕೆ ಕಾದು ನನ್ನನ್ನು ಮತ್ತೆ ತಾಳಕ್ಕೆ ಸೇರಿಸಿಕೊಂಡ.

ಆಮೇಲೆ ಆ ದಂಪತಿ ಎದ್ದರು. ಯಾರೂ ನಿರೀಕ್ಷಿಸಿರಲಿಲ್ಲ, ಮಿಸ್ ಕೂಡ. ಬ್ಯಾಂಡ್‌ನವರು ತಾವಾಗಿಯೇ ನಿಧಾನಿಸಿದರು. ಆ ಅಜ್ಜ ಹೆಂಡತಿಯ ಬಲಗೈಯನ್ನು ಭುಜದ ಎತ್ತರಕ್ಕೆ ಎತ್ತದೆ ಸೊಂಟದ ಮಟ್ಟದಲ್ಲಿ ಹಿಡಿದು, ಎರಡು ಆವರ್ತ ಸುಮ್ಮನೆ ನಿಂತಲ್ಲೇ ತೂಗಿದರು. ಅಜ್ಜಿ ಸಿದ್ಧವಾದದ್ದು ಅವರಿಗೆ ಹೇಗೆ ತಿಳಿಯಿತೋ, ಮೂರನೆಯ ಆವರ್ತಕ್ಕೆ ಹೊರಟರು. ಹೆಜ್ಜೆ ಒಂದು ಗೇಣಿಗಿಂತ ಹೆಚ್ಚಿಲ್ಲ. ನಾನು ಪಾದಗಳನ್ನೇ ನೋಡುತ್ತಿದ್ದೆ. ಪ್ರತಿ ಮೂರನೆಯ ಎಣಿಕೆಯಲ್ಲಿ, ಚಪ್ಪಟೆ ಶೂಗಳ ಒಳಗೆ, ಅಜ್ಜಿಯ ಹಿಮ್ಮಡಿಗಳು ನೆಲ ಬಿಟ್ಟು ಏಳುತ್ತಿದ್ದವು. ಕೂದಲೆಳೆಯಷ್ಟು. ಮತ್ತೆ ಮೆಲ್ಲಗೆ ಇಳಿಯುತ್ತಿದ್ದವು.

ಊಟದ ಹೊತ್ತಿಗೆ ಅಜ್ಜಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಮೂರನೆಯ ಸ್ಪಿನ್‌ನಲ್ಲಿ ಬೇಗ ಎದ್ದೆ, ಮಗಳೇ" ಎಂದರು. ಕೈ ಬಿಡಲಿಲ್ಲ. "ನನಗೂ ಅದೇ ತೊಂದರೆ ಇತ್ತು. ಬಹಳ ವರ್ಷ ಇತ್ತು."

ಭಾನುವಾರ

ಮನೆಯವರು ಮೊಬೈಲ್‌ನಲ್ಲಿ ಹಿಡಿದ ವಿಡಿಯೊ ನೋಡಿ ಲೆಕ್ಕ ಹಾಕಿದೆ. ಹದಿನಾರು ಆವರ್ತಕ್ಕೆ ಇಪ್ಪತ್ತೇಳು ಸೆಕೆಂಡ್. ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 36. ಇನ್ನು ಮುಂದೆ 32ರಲ್ಲೂ 36ರಲ್ಲೂ ಅಭ್ಯಾಸ ಮಾಡಬೇಕು. ತಲೆ ಎಡಕ್ಕೆ ಚೆನ್ನಾಗಿ ನಿಂತಿದೆ, ಬಲ ಮೊಣಕೈ ಎರಡು ಕಡೆ ಕುಸಿದಿದೆ.

ಮಧ್ಯಾಹ್ನ ಶೂ ಶುಚಿ ಮಾಡಲು ಕುಳಿತೆ. ಹರಳೆಣ್ಣೆಯೂ ಹಾಲ್‌ನ ಧೂಳೂ ಸೇರಿ ತಳದ ಮೇಲೆ ಕಪ್ಪು ಪದರ ಕಟ್ಟಿತ್ತು. ತಂತಿ ಬ್ರಷ್‌ನಿಂದ ಅರ್ಧ ಗಂಟೆ ಉಜ್ಜಿದ ಮೇಲೆ ಸ್ಯೂಡ್ ಕಾಣಿಸಿತು. ಎಡದ ತಳ ಎಲ್ಲ ಕಡೆ ಸಮನಾಗಿ ಸವೆದಿದೆ. ಬಲದ್ದು ಹೆಬ್ಬೆರಳಿನ ಬುಡದ ಒಳಬದಿಯಲ್ಲಿ ಮಾತ್ರ ಸವೆದು, ಉಗುರಿನಗಲದ ನುಣುಪು ಹೊಳೆಯುತ್ತಿದೆ. ಸ್ಪಿನ್ ಟರ್ನ್‌ನ ನಾಲ್ಕನೆಯ ಹೆಜ್ಜೆಯಲ್ಲಿ ನಾನು ನಿಲ್ಲುವುದು ಆ ಕಾಲಿನ ಮೇಲೆಯೇ. ಪಾದ ಒಳಕ್ಕೆ ವಾಲುತ್ತಿದೆ, ಸಮತೋಲಕ್ಕಾಗಿ ದೇಹ ಮೇಲೇಳುತ್ತಿದೆ ಎಂದು ಕಾಣುತ್ತದೆ. ಆ ನುಣುಪನ್ನು ಉಜ್ಜಿ ತೆಗೆದಿಲ್ಲ, ಶೂ ಹಾಗೇ ಚೀಲಕ್ಕೆ ಹಾಕಿದ್ದೇನೆ. ಮಂಗಳವಾರ ಮಿಸ್‌ಗೆ ತೋರಿಸಬೇಕು.