ಕ್ರಿಸ್ತನಿಲ್ಲದ ಸಭೆಯ ಬೋಧಕ

ದೈವಶ್ರದ್ಧೆಯುಳ್ಳ ಲೇಖಕರು ವಿಡಂಬನೆ ಬರೆಯಲು ಕೂತಾಗ ನಾಸ್ತಿಕನನ್ನು ಪೆದ್ದನನ್ನಾಗಿಸುವುದು ಸುಲಭದ ದಾರಿ. ಮೊದಲರ್ಧದಲ್ಲಿ ಅವನು ಜಂಬದಿಂದ ವಾದಿಸುತ್ತಾನೆ, ಉತ್ತರಾರ್ಧದಲ್ಲಿ ಕಾಯಿಲೆಯೋ ಅಪಘಾತವೋ ಬಂದೆರಗಿ ಮೊಣಕಾಲೂರುತ್ತಾನೆ. ಓದುಗರು ತಾವು ಮೊದಲೇ ನಂಬಿದ್ದನ್ನು ಇನ್ನಷ್ಟು ನೆಮ್ಮದಿಯಿಂದ ನಂಬಿಕೊಂಡು ಪುಸ್ತಕ ಮುಚ್ಚುತ್ತಾರೆ. ಅಮೆರಿಕದ ಫ್ಲ್ಯಾನರಿ ಓ'ಕಾನರ್ 1952ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿ 'ವೈಸ್ ಬ್ಲಡ್' ಇದಕ್ಕೆ ತದ್ವಿರುದ್ಧ. ಆ ಕಾದಂಬರಿಯಲ್ಲಿ ಕ್ರಿಸ್ತನ ವಿಷಯವನ್ನು ಪ್ರಾಣ ಹೋಗುವಷ್ಟು ಗಂಭೀರವಾಗಿ ತೆಗೆದುಕೊಂಡವನು ಒಬ್ಬನೇ, ಅವನೇ ಕ್ರಿಸ್ತನನ್ನು ನಿರಾಕರಿಸುತ್ತ ಬೀದಿ ಬೀದಿ ಅಲೆಯುವವನು.

ಅವನ ಹೆಸರು ಹೇಜಲ್ ಮೋಟ್ಸ್, ಟೆನೆಸ್ಸಿಯ ಹಳ್ಳಿಗಾಡಿನವನು. ಅವನ ಅಜ್ಜ ಕಾರಿನ ಮೂತಿಯ ಮೇಲೆ ನಿಂತು ಸುವಾರ್ತೆ ಸಾರುತ್ತಿದ್ದ ಊರೂರು ಅಲೆಯುವ ಬೋಧಕ. ತನಗೆ ಆತ್ಮವೆಂಬುದೇ ಇಲ್ಲವೆಂದು ಸೈನ್ಯದಲ್ಲಿದ್ದಾಗ ಮನಸ್ಸಿಗೆ ಒಪ್ಪಿಸಿಕೊಂಡ ಹೇಜಲ್, ಅಲ್ಲಿಂದ ಬಿಡುಗಡೆಯಾಗಿ ಬಂದ ಮೇಲೆ ಹೊಳೆಯುವ ನೀಲಿ ಸೂಟು ಕೊಳ್ಳುತ್ತಾನೆ. ರೈಲಿನಲ್ಲಿ ಎದುರು ಕೂತ ಹೆಂಗಸಿಗೆ ಅದರ ತೋಳಿನಲ್ಲಿ ಇನ್ನೂ ಅಂಟಿಕೊಂಡಿರುವ 11.98 ಡಾಲರಿನ ಬೆಲೆಚೀಟಿ ಕಾಣುತ್ತದೆ. ಪಟ್ಟಣದಲ್ಲಿ ಇಳಿದರೆ ಟ್ಯಾಕ್ಸಿಯವನು ಅವನ ಕರಿ ಟೋಪಿಯನ್ನೂ ಮುಖಚರ್ಯೆಯನ್ನೂ ನೋಡಿ ಬೋಧಕನೆಂದೇ ತೀರ್ಮಾನಿಸುತ್ತಾನೆ. ಅಲ್ಲವೆಂದು ಎಷ್ಟು ಸಾಧಿಸಿದರೂ ಕೇಳುವವರಿಲ್ಲ. ಕೊನೆಗೆ ಹೇಜಲ್ 40 ಡಾಲರಿಗೆ ಲಟಾರಿ ಎಸೆಕ್ಸ್ ಕಾರೊಂದನ್ನು ಕೊಂಡು, ಅಜ್ಜನ ಹಾಗೆಯೇ ಅದರ ಮೂತಿಯ ಮೇಲೆ ನಿಂತು, ಸಿನಿಮಾ ಬಿಟ್ಟು ಹೊರಬರುವ ಜನರಿಗೆ 'ಕ್ರಿಸ್ತನಿಲ್ಲದ ಸಭೆ'ಯನ್ನು (ಸಭೆಯೆಂದರೆ ಇಲ್ಲಿ ಚರ್ಚು) ಬೋಧಿಸತೊಡಗುತ್ತಾನೆ. ಆ ಸಭೆಯಲ್ಲಿ ಕುರುಡರಿಗೆ ಕಣ್ಣು ಬರುವುದಿಲ್ಲ, ಕುಂಟರು ನಡೆಯುವುದಿಲ್ಲ, ಸತ್ತವರು ಸತ್ತೇ ಇರುತ್ತಾರೆ.

ಜನ ಏನು ಮಾಡುತ್ತಾರೆ? ಏನೂ ಮಾಡುವುದಿಲ್ಲ. ಕಲ್ಲೆಸೆಯುವವರಿಲ್ಲ, ದೇವದೂಷಣೆಯೆಂದು ಕೂಗುವವರಿಲ್ಲ. ಒಂದು ಕ್ಷಣ ನಿಂತು ಮುಂದೆ ಹೋಗುತ್ತಾರೆ. ಓ'ಕಾನರ್ ಆಧುನಿಕ ಸಂಸ್ಕೃತಿಗೆ ಕೊಟ್ಟ ಅತ್ಯಂತ ಬಲವಾದ ಪೆಟ್ಟು ಇದು ಎಂದು ನನಗನ್ನಿಸುತ್ತದೆ, ಏಕೆಂದರೆ ನಂಬಿಕೆ ಯಾರನ್ನೂ ಕಾಡದ ಊರಿನಲ್ಲಿ ಅಪನಂಬಿಕೆಗೂ ಗಿರಾಕಿಗಳಿರುವುದಿಲ್ಲ.

ಗಿರಾಕಿಗಳನ್ನು ಹುಟ್ಟಿಸಬಲ್ಲ ವ್ಯಾಪಾರಿಯೊಬ್ಬ ಮಾತ್ರ ಆ ಗುಂಪಿನಿಂದಲೇ ಎದ್ದು ಬರುತ್ತಾನೆ. ಆನಿ ಜೇ ಹೋಲಿ ಎಂದು ಹೇಳಿಕೊಳ್ಳುವ ಈ ಹೂವರ್ ಶೋಟ್ಸ್ ಹಿಂದೆ ರೇಡಿಯೋದಲ್ಲಿ ಹಿತವಾದ ಧಾರ್ಮಿಕ ಕಾರ್ಯಕ್ರಮ ನಡೆಸಿದವನು. ಹೇಜಲ್‌ನ ಪಕ್ಕದಲ್ಲಿ ನಿಂತು ಅವನು ಮಾಡುವ ಭಾಷಣ ಇಡೀ ಕಾದಂಬರಿಯ ವಿಡಂಬನೆಯ ತುತ್ತತುದಿ: ಈ ಸಭೆಯಲ್ಲಿ ನಿಮಗೆ ಅರ್ಥವಾಗದ, ನೀವು ಒಪ್ಪದ ಯಾವುದನ್ನೂ ನಂಬಬೇಕಿಲ್ಲ, ಪರದೇಶದ್ದೇನೂ ಇದರಲ್ಲಿ ಬೆರೆತಿಲ್ಲ, ಬೈಬಲನ್ನು ನಿಮಗೆ ಬೇಕಾದಂತೆ ಅರ್ಥೈಸಿಕೊಳ್ಳಬಹುದು, ಸೇರಲು ತಲೆಗೆ ಒಂದೇ ಡಾಲರು. ಸತ್ಯ ತಿಳಿಯಲು ದುಡ್ಡು ಕೊಡಬೇಕಾಗಿಲ್ಲವೆಂದು ಹೇಜಲ್ ಸಿಡಿದೆದ್ದಾಗ ಶೋಟ್ಸ್ ಕಿಂಚಿತ್ತೂ ಅಳುಕುವುದಿಲ್ಲ. ಕ್ಷಯ ಹಿಡಿದ, ಆರು ಮಕ್ಕಳ ತಂದೆಯಾದ ಬಡಪಾಯಿಯೊಬ್ಬನಿಗೆ ಅಂಥದೇ ನೀಲಿ ಸೂಟು ತೊಡಿಸಿ, ಸಂಜೆಗೆ ಮೂರು ಡಾಲರಿನಂತೆ ಕೂಲಿಗಿಟ್ಟುಕೊಂಡು, 'ನಿಜವಾದ ಪ್ರವಾದಿ' ಎಂದು ಎದುರುಗಡೆಯೇ ಅಂಗಡಿ ತೆರೆಯುತ್ತಾನೆ. ಅವರ ಸಭೆಯ ಹೆಸರು 'ಕ್ರಿಸ್ತನಿಲ್ಲದ ಕ್ರಿಸ್ತನ ಪವಿತ್ರ ಸಭೆ'!

ಭಕ್ತರ ಪಾಳೆಯಕ್ಕೂ ರಿಯಾಯಿತಿಯಿಲ್ಲ. ಏಸಾ ಹಾಕ್ಸ್ ಎಂಬ ಕುರುಡ ಬೋಧಕ, ದೇವರ ಮೇಲಿನ ನಂಬಿಕೆಗೆ ಸಾಕ್ಷಿಯಾಗಿ ಸುಟ್ಟ ಸುಣ್ಣದಿಂದ ತನ್ನ ಕಣ್ಣು ಕಳೆದುಕೊಳ್ಳುತ್ತೇನೆಂದು ಒಮ್ಮೆ ಸಭೆಯೆದುರು ಘೋಷಿಸಿದ್ದವನು. ಆ ಘೋಷಣೆಯ ಸುದ್ದಿಯಿದ್ದ ಪತ್ರಿಕೆಯ ತುಣುಕನ್ನು ಹೇಜಲ್‌ಗೆ ತೋರಿಸುತ್ತಾನೆ. ಧೈರ್ಯ ಕೈಕೊಟ್ಟಿತೆಂಬ ಮಾರನೆಯ ಸುದ್ದಿಯ ತುಣುಕೂ ಅವನ ಬಳಿ ಇದೆ, ಅದನ್ನು ತೋರಿಸುವುದಿಲ್ಲ. ಒಂದು ರಾತ್ರಿ ಹೇಜಲ್ ಕದ್ದು ಅವನ ಕೋಣೆಗೆ ನುಗ್ಗಿ, ಬೆಂಕಿಕಡ್ಡಿ ಗೀರಿ ಮುಖದ ಹತ್ತಿರ ಹಿಡಿದಾಗ, ಆ ಕಣ್ಣುಗಳು ತೆರೆದು ಇವನನ್ನೇ ನೋಡುತ್ತವೆ. ಆ ಕ್ಷಣದಲ್ಲಿ ಹೆಚ್ಚು ನಿರಾಶನಾಗುವವನು ನಂಬದವನೇ. ಅವನಿಗೆ ಎದುರಾಳಿಯಾಗಿಯಾದರೂ ಒಬ್ಬ ನಿಜವಾದ ಭಕ್ತ ಬೇಕಾಗಿತ್ತು.

ಇದನ್ನು ಬರೆದಾಕೆ ನಿಷ್ಠಾವಂತ ಕ್ಯಾಥೊಲಿಕ್ ಎಂಬುದು ಗಮನಿಸಬೇಕಾದ ಸಂಗತಿ. 1925ರಲ್ಲಿ ಜಾರ್ಜಿಯಾ ರಾಜ್ಯದ ಸವಾನಾದಲ್ಲಿ ಹುಟ್ಟಿದ ಓ'ಕಾನರ್, ತಂದೆಯನ್ನು ಬಲಿ ತೆಗೆದುಕೊಂಡ ಲೂಪಸ್ ಕಾಯಿಲೆ ತನಗೂ ಬಂದ ಮೇಲೆ ಮಿಲೆಡ್ಜ್‌ವಿಲ್ ಬಳಿಯ ತಾಯಿಯ ಹೈನುತೋಟದಲ್ಲಿ ನವಿಲು ಸಾಕಿಕೊಂಡು ಬರೆಯುತ್ತಿದ್ದವಳು. 1964ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡಳು. ನಂಬಿಕೆಯನ್ನು ಜನ ಬೆಚ್ಚಗಿನ ವಿದ್ಯುತ್ ಕಂಬಳಿಯೆಂದು ಭಾವಿಸುತ್ತಾರೆ, ಅದಾದರೋ ಶಿಲುಬೆ, ಎಂಬರ್ಥದ ಮಾತು ಅವಳ ಒಂದು ಪತ್ರದಲ್ಲಿದೆ. ಶ್ರದ್ಧೆ ಕಳೆದುಹೋಗುತ್ತಿದೆ ಎಂದು ಬರೆದ ಕಾಲೇಜು ವಿದ್ಯಾರ್ಥಿಯೊಬ್ಬನಿಗೂ ಅವಳು ಗದರಲಿಲ್ಲ. ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎಂಬ ಮಾರ್ಕನ ಸುವಾರ್ತೆಯ ಪ್ರಾರ್ಥನೆಯನ್ನೇ ನೆನಪಿಸಿದಳು. ಕಾದಂಬರಿಯ 1962ರ ಮುದ್ರಣಕ್ಕೆ ಬರೆದ ಪುಟ್ಟ ಮುನ್ನುಡಿಯಲ್ಲಿ, ಮನಸ್ಸಿನ ಹಿಂಬದಿಯಲ್ಲಿ ಮರದಿಂದ ಮರಕ್ಕೆ ಸರಿಯುವ ಕ್ರಿಸ್ತನ ಹರಕು ಆಕೃತಿಯನ್ನು ಓಡಿಸಲು ಹೇಜಲ್ ಹೆಣಗುವುದರಲ್ಲಿ ಕೆಲವು ಓದುಗರು ಅವನ ಪ್ರಾಮಾಣಿಕತೆಯನ್ನು ಕಂಡರೆ, ತನಗೆ ಅದು ಕಾಣುವುದು ಓಡಿಸಲಾಗದೆ ಸೋಲುವುದರಲ್ಲಿ ಎನ್ನುತ್ತಾಳೆ.

ಕಾದಂಬರಿ ಎಲ್ಲೆಡೆ ಇಷ್ಟೇ ಬಿಗಿಯಾಗಿಲ್ಲ. ಗೊರಿಲ್ಲಾ ವೇಷ ತೊಡುವ ಈನಾಕ್ ಎಂಬ ಹುಡುಗನ ಉಪಕಥೆ ಬೇಸರ ತರಿಸುವಷ್ಟು ಬೆಳೆದಿದೆ. ಆದರೆ ಕೊನೆಯ ಅಧ್ಯಾಯದ ಮನೆಯೊಡತಿ ಮಿಸೆಸ್ ಫ್ಲಡ್ ಎಲ್ಲವನ್ನೂ ಸರಿದೂಗಿಸುತ್ತಾಳೆ. ಹಾಕ್ಸ್ ಮಾಡಲಾರದ್ದನ್ನು ಮಾಡಿ ತನ್ನ ಕಣ್ಣು ತಾನೇ ಸುಟ್ಟುಕೊಂಡಿರುವ ಹೇಜಲ್ ಅಂಗಿಯೊಳಗೆ ಎದೆಗೆ ಮುಳ್ಳುತಂತಿ ಸುತ್ತಿಕೊಂಡಿರುವುದು ಅವಳ ಕಣ್ಣಿಗೆ ಬೀಳುತ್ತದೆ. ಇಂಥದ್ದನ್ನೆಲ್ಲ ಜನ ಎಂದೋ ಬಿಟ್ಟುಬಿಟ್ಟಿದ್ದಾರೆ ಎಂದು ಅವಳು ಗದರುತ್ತಾಳೆ. ನಾನು ಮಾಡುತ್ತಿರುವವರೆಗೆ ಬಿಟ್ಟಂತಾಗಲಿಲ್ಲ ಎಂದು ಅವನು ಉತ್ತರಿಸುತ್ತಾನೆ. ಮಿಸೆಸ್ ಫ್ಲಡ್ ದುಷ್ಟಳಲ್ಲ; ಅವನ ಪಿಂಚಣಿಯ ಮೇಲೆ ಕಣ್ಣಿದ್ದರೂ ಅವಳ ಮಾತಿನಲ್ಲಿ ವಿವೇಕವಿದೆ, ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಲೇಖಕಿ ಅವಳ ಬಾಯಿ ಮುಚ್ಚಿಸುವ ಗೋಜಿಗೂ ಹೋಗುವುದಿಲ್ಲ, ಹೇಜಲ್ ಸಂತನೋ ಹುಚ್ಚನೋ ಎಂಬ ತೀರ್ಪನ್ನೂ ಕೊಡುವುದಿಲ್ಲ.